ಕೊಳದ ತಳ: ಹಿಡಿದಿಡುವ ವಿದ್ಯೆ, ತಿಳಿಯಾಗಿಸುವ ವಿದ್ಯೆ

ಕೊಳವೆಂಬುದು ಎರಡು ಪ್ರಶ್ನೆಗಳಿಗೆ ಒಮ್ಮೆಲೇ ಉತ್ತರ ಹೇಳಬೇಕಾದ ರಚನೆ. ಬಂದ ನೀರು ಇಂಗಿಹೋಗದಂತೆ ಹಿಡಿದಿಡುವುದು ಹೇಗೆ? ಹಿಡಿದಿಟ್ಟ ನೀರು ಕೆಡದಂತೆ ಕಾಯುವುದು ಹೇಗೆ? ಮೊದಲನೆಯದು ತಳದ ಪ್ರಶ್ನೆ. ಎರಡನೆಯದು ನೀರಿನ ಪ್ರಶ್ನೆ. ಇಂದು ಎರಡಕ್ಕೂ ಅಂಗಡಿಯಲ್ಲಿ ಉತ್ತರ ಸಿಗುವಂತೆ ತೋರುತ್ತದೆ. ತಳಕ್ಕೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ, ನೀರನ್ನು ಸೋಸಲು ಒಂದು ಪಂಪು ಮತ್ತು ಫಿಲ್ಟರ್. ಹಿತ್ತಲಿನಲ್ಲಿ ತಾವರೆ ಬೆಳೆಯಬಯಸುವವರೂ, ಸೊಸೈಟಿಯ ತೋಟದಲ್ಲಿ ಮೀನು ಸಾಕಬಯಸುವವರೂ ಇವನ್ನು ಕೊಂಡು ತಂದು ಒಂದೆರಡು ದಿನಗಳಲ್ಲಿ ಕೊಳವನ್ನು ಸಿದ್ಧಗೊಳಿಸುತ್ತಾರೆ. ಆದರೆ ಈ ಎರಡು ವಸ್ತುಗಳ ಹಿಂದೆ ಎರಡು ಸಾವಿರ ವರ್ಷಗಳ ಅನುಭವವಿದೆ. ಅದರಲ್ಲಿ ಬಹಳಷ್ಟು ನಾವು ವಾಸಿಸುವ ಈ ನೆಲದಲ್ಲಿಯೇ, ಕಲ್ಯಾಣ–ಥಾಣೆಗಳ ಸುತ್ತಮುತ್ತ, ನಡೆದದ್ದು. ಇನ್ನಷ್ಟು ನಾವು ಬಿಟ್ಟು ಬಂದ ಕರ್ನಾಟಕದಲ್ಲಿ ನಡೆದದ್ದು. ಈ ಎರಡನ್ನೂ ಜೊತೆಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಠಾಕುರ್ಲಿ ದೊಡ್ಡ ಊರೇನಲ್ಲ. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಸಿಕ್ಕಿಕೊಂಡ ಒಂದು ನಿಲ್ದಾಣ. ರೈಲು 1853ರಲ್ಲಿ ಥಾಣೆಯನ್ನು ಮುಟ್ಟಿತು, 1854ರಲ್ಲಿ ಕಲ್ಯಾಣವನ್ನು ಮುಟ್ಟಿತು. ಆದರೆ ಠಾಕುರ್ಲಿಗೆ ತನ್ನದೇ ಆದ ಗುರುತು ಬಂದದ್ದು 1929ರಲ್ಲಿ, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ವಿದ್ಯುತ್ ರೈಲುಗಳಿಗಾಗಿ ಇಲ್ಲಿ ಚೋಳಾ ಪವರ್ ಹೌಸನ್ನು ಕಟ್ಟಿಸಿದಾಗ. ಅದರೊಂದಿಗೆ ರೈಲ್ವೆ ಕಾಲನಿ ಬಂದಿತು, ಬಾವನ್ ಚಾಳ್ ಬಂದಿತು, ಬಳಿಕ ನಗರವೇ ಬಂದಿತು. ಉಗಿಯಿಂದ ವಿದ್ಯುತ್ತನ್ನು ಪಡೆಯುವ ಸ್ಥಾವರಕ್ಕೆ ಕಲ್ಲಿದ್ದಲು ಬೇಕಾದಷ್ಟೇ ನೀರೂ ಬೇಕು. ಬಾಯ್ಲರಿಗೆ ಹೋಗುವ ನೀರು ತಿಳಿಯಾಗಿರಬೇಕು, ಇಲ್ಲವಾದರೆ ಕೊಳವೆಗಳ ಒಳಮೈಗೆ ಸುಣ್ಣದ ಪದರ ಕಟ್ಟುತ್ತದೆ. ಹಾಗಾಗಿ ಈ ಊರು ಹುಟ್ಟಿದ ಲಗ್ನದಲ್ಲಿಯೇ ನೀರನ್ನು ಹಿಡಿಯುವ, ಸೋಸುವ ಕೆಲಸ ಸೇರಿಕೊಂಡಿತ್ತು ಎನ್ನಬಹುದು. ಪವರ್ ಹೌಸು ಈಗ ಕೆಲಸ ಮಾಡುತ್ತಿಲ್ಲ. ಊರಿನ ಬಡಗಣಕ್ಕೆ ಉಲ್ಲಾಸ ನದಿ ಖಾಡಿಯಾಗಿ ಹರಿಯುತ್ತಲೇ ಇದೆ. ಅದೇ ನದಿಯ ಮೇಲ್ಭಾಗದಿಂದ ಎತ್ತಿ ಶುದ್ಧೀಕರಿಸಿದ ನೀರು ನಮ್ಮ ನಲ್ಲಿಗಳಿಗೆ ಬರುತ್ತದೆ.

ಬಂಡೆಯೇ ತಳವಾದಾಗ

ಈ ಸೀಮೆಯಲ್ಲಿ ನೀರನ್ನು ಹಿಡಿದಿಟ್ಟ ಅತಿ ಹಳೆಯ ಸಾಕ್ಷ್ಯಗಳನ್ನು ಕಾಣಲು ಕನ್ಹೇರಿಗೆ ಹೋಗಬೇಕು. ಇಂದಿನ ಬೋರಿವಲಿ ರಾಷ್ಟ್ರೀಯ ಉದ್ಯಾನದೊಳಗಿನ ಆ ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ಬೌದ್ಧ ಭಿಕ್ಷುಗಳು ಶತಮಾನಗಳ ಕಾಲ ಅಲ್ಲಿ ವಾಸಿಸಿದರು. ಮಳೆಗಾಲದಲ್ಲಿ ಧಾರಾಕಾರ ನೀರು, ಬೇಸಗೆಯಲ್ಲಿ ಒಣಗಿದ ಬಂಡೆ. ಈ ವೈಪರೀತ್ಯಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ಶಾಸನಗಳು ‘ಪೊಢಿ’ ಎಂದು ಕರೆಯುತ್ತವೆ: ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ. ಬೆಟ್ಟದ ಮೈಯ ಮೇಲೆ ಸಣ್ಣ ಸಣ್ಣ ಕಾಲುವೆಗಳನ್ನು ಕಡೆದು, ಮಳೆಯ ನೀರನ್ನು ಆಯಾ ಗುಹೆಯ ಬಳಿಯ ತೊಟ್ಟಿಗೆ ತಿರುಗಿಸಿದ್ದಾರೆ. ಹಲವು ತೊಟ್ಟಿಗಳ ಬಾಯಿ ಕಿರಿದು, ಒಳಗೆ ಒಡಲು ಅಗಲ. ಬಾಯಿ ಕಿರಿದಾದುದರಿಂದ ಬಿಸಿಲಿಗೆ ಆವಿಯಾಗುವ ನೀರು ಕಡಿಮೆ. ಒಳಗೆ ಕತ್ತಲಿರುವುದರಿಂದ ಪಾಚಿಗೆ ಬೆಳೆಯಲು ಬೆಳಕಿಲ್ಲ. ಹೊರಗಿನಿಂದ ತಂದು ಹಾಸಿದ ಪದರ ಯಾವುದೂ ಅಲ್ಲಿ ಬೇಕಾಗಲಿಲ್ಲ. ಬಂಡೆಯೇ ತಳ, ಕತ್ತಲೆಯೇ ಕಾವಲು.

ಈ ತೊಟ್ಟಿಗಳು ಅರಸರ ಕೊಡುಗೆಗಳಾಗಿರಲಿಲ್ಲ ಎಂಬುದು ನಾವು ನೆನೆಯಬೇಕಾದ ಸಂಗತಿ. ವರ್ತಕರು, ಕುಶಲಕರ್ಮಿಗಳು, ಗೃಹಸ್ಥರು ಒಂದೊಂದು ಗುಹೆಯನ್ನೋ ಒಂದೊಂದು ತೊಟ್ಟಿಯನ್ನೋ ಮಾಡಿಸಿಕೊಟ್ಟು ಹೆಸರನ್ನು ಕೆತ್ತಿಸಿದ್ದಾರೆ. ಅವರಲ್ಲಿ ಕಲ್ಯಾಣದವರು ಹಲವರು. ಬಸವಣ್ಣನವರ ಕಲ್ಯಾಣವಲ್ಲ, ಉಲ್ಲಾಸದ ದಂಡೆಯ ಈ ಕಲ್ಯಾಣ. ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಗ್ರಂಥದಲ್ಲಿ ‘ಕಲ್ಲಿಯೇನ’ ಎಂದು ಕಾಣಿಸಿಕೊಳ್ಳುವ ಬಂದರು. ಠಾಕುರ್ಲಿಯಿಂದ ಒಂದು ನಿಲ್ದಾಣದಷ್ಟು ದೂರದ ಆ ಊರಿನ ವ್ಯಾಪಾರಿ ತನ್ನ ಗಳಿಕೆಯ ಒಂದು ಪಾಲನ್ನು ತಾನು ಕುಡಿಯದ ನೀರಿಗಾಗಿ ಕೊಟ್ಟನು.

ಕನ್ನಡಿಗರಿಗೆ ಈ ಬೆಟ್ಟದ ಮೇಲೆ ಇನ್ನೊಂದು ನಂಟೂ ಇದೆ. 9ನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಅವರ ಕಾಲದ ಕನ್ಹೇರಿ ಶಾಸನಗಳಲ್ಲಿ ಮಾನ್ಯಖೇಟದ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. ‘ಕವಿರಾಜಮಾರ್ಗ’ವು ಯಾರ ಆಸ್ಥಾನದಲ್ಲಿ ರೂಪುಗೊಂಡಿತೋ ಆ ನೃಪತುಂಗನೇ ಈತ. ಕನ್ನಡದ ಮೊದಲ ಉಪಲಬ್ಧ ಗ್ರಂಥದ ಹಿಂದಿರುವ ಅರಸನ ಹೆಸರು ನಾವು ನಿತ್ಯ ಲೋಕಲ್ ರೈಲಿನಲ್ಲಿ ಸುತ್ತಾಡುವ ಈ ಸೀಮೆಯ ಬಂಡೆಯ ಮೇಲೂ ಇರುವುದು, ಹೊರನಾಡೆಂಬ ಮಾತನ್ನು ನಾವು ಬಳಸುವಾಗ ಒಂದು ಕ್ಷಣ ತಡೆದು ಯೋಚಿಸುವಂತೆ ಮಾಡುತ್ತದೆ.

ಜೇಡಿಯ ವಿದ್ಯೆ

ಎಲ್ಲ ಕಡೆಯೂ ಬಂಡೆ ದೊರೆಯುವುದಿಲ್ಲ. ಮಣ್ಣಿನ ನೆಲದಲ್ಲಿ ನೀರು ನಿಲ್ಲಿಸಬೇಕಾದಾಗ ನಮ್ಮವರು ಮಣ್ಣಿನಿಂದಲೇ ಮಣ್ಣನ್ನು ಮುಚ್ಚಿದರು. ಜೇಡಿಮಣ್ಣಿನ ಕಣಗಳು ಮರಳಿನ ಕಣಗಳಿಗಿಂತ ಎಷ್ಟೋ ಪಾಲು ಸಣ್ಣವು, ಚಪ್ಪಟೆಯಾದವು. ನೀರು ಕುಡಿದು ಉಬ್ಬಿದ ಜೇಡಿಯನ್ನು ತುಳಿದು ಮಿದ್ದಾಗ ಆ ಕಣಗಳು ಒಂದರ ಮೇಲೊಂದು ಕುಳಿತು, ನೀರಿಗೆ ದಾರಿಯೇ ಇಲ್ಲದಂತೆ ಮಾಡುತ್ತವೆ. ಭತ್ತದ ಗದ್ದೆಯನ್ನು ಉತ್ತು ಕೆಸರು ಮಾಡುವುದರಲ್ಲಿಯೂ ಇದೇ ತತ್ವವಿದೆ. ನೇಗಿಲಿನ ಅಡಿಯಲ್ಲಿ ಗಟ್ಟಿಯಾದ ಪದರವೊಂದು ಕೂಡಿಕೊಂಡು ಗದ್ದೆಯ ನೀರನ್ನು ಇಂಗಗೊಡುವುದಿಲ್ಲ. ಕರಾವಳಿಯಿಂದ ಬಂದ ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕೆಸರುಗದ್ದೆಯಲ್ಲಿ ಓಡಿ ಬಿದ್ದವರೇ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮುರಕಲ್ಲನ್ನು ಕೊರೆದು ಮಾಡಿದ ಸುರಂಗಗಳಿಂದ ಹನಿಹನಿಯಾಗಿ ಬರುವ ನೀರನ್ನು ಅಂಗಳದ ಕೆಳಗಿನ ಸಣ್ಣ ಕೆರೆಯಲ್ಲಿ ಕೂಡಿಸುವ ಪದ್ಧತಿಯೂ ನಮಗೆ ತಿಳಿದದ್ದೇ. ಮುರಕಲ್ಲು ತೂತುತೂತಾದ ಕಲ್ಲು. ಅದರ ಮೇಲೆ ಜೇಡಿಯ ಮೆತ್ತುವಿಕೆ ಇಲ್ಲದಿದ್ದರೆ ಸುರಂಗ ಕೊಟ್ಟದ್ದನ್ನು ನೆಲ ಕಸಿದುಕೊಳ್ಳುತ್ತದೆ.

ಬಯಲುಸೀಮೆಯ ದೊಡ್ಡ ಕೆರೆಗಳಲ್ಲಿ ಈ ವಿದ್ಯೆ ಶಾಸ್ತ್ರವಾಗಿ ಬೆಳೆಯಿತು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನ 1369ರದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ತಟ್ಟುವ ಆರು ದೋಷಗಳನ್ನೂ ಅದು ಹೇಳುತ್ತದೆ. ದೋಷಗಳಲ್ಲಿ ಒಂದು, ಏರಿಯಿಂದ ನೀರು ಜಿನುಗುವುದು. ಮತ್ತೊಂದು, ಕ್ಷಾರದ ನೆಲ. ಅಂದರೆ ತಳದ ಪ್ರಶ್ನೆ, ನೀರಿನ ಪ್ರಶ್ನೆ ಎರಡೂ ಅಲ್ಲಿವೆ. ಸಾವಿರ ಮಂದಿ ಎರಡು ವರ್ಷ ಆ ಕೆಲಸದಲ್ಲಿ ತೊಡಗಿದ್ದರೆಂದು ಶಾಸನವೇ ನುಡಿಯುತ್ತದೆ.

ಆದರೆ ಕೆರೆ ಕಟ್ಟಿ ಮುಗಿಸಿದ ದಿನವೇ ಹೂಳು ತುಂಬುವ ಕೆಲಸವೂ ಮೊದಲಾಗುತ್ತದೆ. ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುವ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಎಂಬ ದತ್ತಿಗಳು ಈ ಅರಿವಿನಿಂದ ಹುಟ್ಟಿದವು. ಕೆರೆಯನ್ನು ಕಟ್ಟಿಸುವುದು ಒಂದು ಬಾರಿಯ ಪುಣ್ಯ. ಹೂಳೆತ್ತುವ ಬಂಡಿಗೆ, ಎತ್ತಿಗೆ, ಆಳಿಗೆ ವರ್ಷವರ್ಷವೂ ಆದಾಯ ಬೇಕು. ಅದಕ್ಕಾಗಿ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಟ್ಟರು. ತೂಬನ್ನು ತೆರೆದು ಮುಚ್ಚಲು ನೀರುಗಂಟಿಯನ್ನು ನೇಮಿಸಿದರು. ಎತ್ತಿದ ಗೋಡುಮಣ್ಣು ಹೊಲಕ್ಕೆ ಗೊಬ್ಬರವಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಹೂಳು ಕೆರೆಯ ಶತ್ರುವಾಗಿರುವಂತೆಯೇ ಅದರ ಬಂಧುವೂ ಹೌದು. ತಳದಲ್ಲಿ ನೆಲೆನಿಂತ ನಯವಾದ ಹೂಳಿನ ಪದರ ನೀರನ್ನು ತಡೆಯುತ್ತದೆ. ಆಳಕ್ಕೆ ಕೆರೆದು ಅದನ್ನು ಪೂರ್ತಿ ತೆಗೆದುಬಿಟ್ಟರೆ ಕೆರೆ ಸೋರತೊಡಗುತ್ತದೆ. ಎಷ್ಟು ಎತ್ತಬೇಕು, ಎಷ್ಟು ಬಿಡಬೇಕು ಎಂಬುದು ಕೈಗೆ ಬಂದ ಅನುಭವದಿಂದ ಮಾತ್ರ ತಿಳಿಯುವ ಸಂಗತಿ. ನೀರನ್ನು ತಿಳಿಯಾಗಿಸುವ ಕೆಲಸವೂ ಹೀಗೆಯೇ ಹಂಚಿಹೋಗಿತ್ತು: ದಡದ ಜೊಂಡು ಒಂದಷ್ಟನ್ನು ಹೀರಿತು, ಮೀನು ಒಂದಷ್ಟನ್ನು ತಿಂದಿತು, ತಳದ ಮಣ್ಣು ಒಂದಷ್ಟನ್ನು ಅರಗಿಸಿತು, ಕೋಡಿ ಬಿದ್ದ ವರ್ಷ ಹಳೆಯ ನೀರು ಹೊರಟು ಹೊಸ ನೀರು ಬಂದಿತು.

ಕೆರೆಗಳ ಊರು, ಹೆಸರಷ್ಟೇ ಉಳಿದ ಕೆರೆಗಳು

ಶಿಲಾಹಾರರ ರಾಜಧಾನಿ ಶ್ರೀಸ್ಥಾನಕವೇ ಇಂದಿನ ಥಾಣೆ. ಅದನ್ನು ಕೆರೆಗಳ ನಗರವೆಂದು ಜನ ಈಗಲೂ ಕರೆಯುತ್ತಾರೆ. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಾಸುಂದಾ ಕೆರೆ, ಅದರ ದಡದಲ್ಲಿ ಕೋಪಿನೇಶ್ವರ ದೇವಾಲಯ. ಕಲ್ಯಾಣದಲ್ಲಿ ಹಿಂದೆ ಶೇನಾಳೆ ಎಂದು ಕರೆಯಿಸಿಕೊಳ್ಳುತ್ತಿದ್ದ ಕಾಳಾ ತಲಾವ್. ಠಾಕುರ್ಲಿಯಿಂದ ಕಲ್ಯಾಣವನ್ನು ದಾಟಿ ಮುಂದೆ ಹೋದರೆ ಅಂಬರನಾಥದಲ್ಲಿ ವಾಲಧುನಿ ಹೊಳೆಯ ದಂಡೆಯ ಮೇಲೆ 1060ರ ಶಾಸನವುಳ್ಳ ಶಿವಾಲಯ. ಅದರ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ನೀರಿನ ಪಕ್ಕದಲ್ಲಿ ದೇವರನ್ನಿಡುವುದು, ದೇವರ ಪಕ್ಕದಲ್ಲಿ ನೀರನ್ನಿಡುವುದು ಅಂದಿನ ಪದ್ಧತಿ. ಇಂದು ವಾಲಧುನಿಯ ನೀರಿನಲ್ಲಿ ಕಾರ್ಖಾನೆಗಳ ಕೊಳೆಯೂ ಊರಿನ ಚರಂಡಿಯೂ ಹರಿಯುತ್ತವೆ. ಆ ನೀರನ್ನು ಯಾರೂ ಅಭಿಷೇಕಕ್ಕೆ ತರಲಾರರು.

ಮುಂಬಯಿಯ ಕೆರೆಗಳಿಗೆ ಒದಗಿದ ಗತಿ ಬೇರೆ ಬಗೆಯದು. ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್, ಸಿ.ಪಿ. ಟ್ಯಾಂಕ್ ಎಂಬ ಹೆಸರುಗಳನ್ನು ನಾವು ಬಸ್ಸಿನ ಹಲಗೆಗಳಲ್ಲಿ ಓದುತ್ತೇವೆ. ಅಲ್ಲಿ ಇಳಿದರೆ ತಲಾವೂ ಇಲ್ಲ, ಟ್ಯಾಂಕೂ ಇಲ್ಲ. 1860ರಲ್ಲಿ ವಿಹಾರ ಸರೋವರದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಊರೊಳಗಿನ ಕೆರೆಗಳ ಮೇಲೆ ಜನರ ಅವಲಂಬನೆ ತಗ್ಗಿತು. ಅವಲಂಬನೆ ತಗ್ಗಿದ ಕಡೆ ಆರೈಕೆಯೂ ತಗ್ಗಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್‌ರು ಮಲೇರಿಯಾದ ಜೀವಾಣುವನ್ನು ಸೊಳ್ಳೆಯ ಒಡಲಲ್ಲಿ ಕಂಡರು. 1911ರಲ್ಲಿ ಡಾ. ಬೆಂಟ್ಲಿಯವರ ವರದಿಯು ಮುಂಬಯಿಯ ಮಲೇರಿಯಾಕ್ಕೂ ಊರಿನ ಬಾವಿಗಳಿಗೂ ಇರುವ ಸಂಬಂಧವನ್ನು ತೋರಿಸಿತು. ಬಾವಿಗಳನ್ನು ಮುಚ್ಚಿಸುವ ಕ್ರಮ ಬಲವಾಯಿತು. ನಿಂತು ಕೆಟ್ಟ ನೀರಿಗೆ ನಗರವು ಕೊಟ್ಟ ಉತ್ತರ ಶುದ್ಧೀಕರಣವಾಗಿರಲಿಲ್ಲ, ಸಮಾಧಿಯಾಗಿತ್ತು. ಎರಡನೆಯ ಪ್ರಶ್ನೆಗೆ ಉತ್ತರ ಹೇಳದ ಕೊಳವನ್ನು ಊರು ಬಹುಕಾಲ ಸಹಿಸುವುದಿಲ್ಲ ಎಂಬ ಪಾಠ ಇಲ್ಲಿದೆ. ಇಂದು ಹಿತ್ತಲಿನ ಕೊಳಕ್ಕೆ ನೆರೆಯವರು ತೆಗೆಯುವ ಮೊದಲ ಆಕ್ಷೇಪವೂ ಸೊಳ್ಳೆಯದೇ, ಅದು ನ್ಯಾಯವಾದದ್ದೇ.

ಮರಳಿನ ಮೇಲಿನ ಜೀವಂತ ಹೊದಿಕೆ

ಸೋಸುವ ವಿದ್ಯೆ ಇದೇ ಕಾಲದಲ್ಲಿ ಬೇರೆಡೆ ಬೆಳೆಯುತ್ತಿತ್ತು. ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಬಟ್ಟೆಗೆ ಬಿಳುಪು ಕೊಡುವ ಕಾರ್ಖಾನೆಯ ಒಡೆಯ ಜಾನ್ ಗಿಬ್ 1804ರಲ್ಲಿ ಮರಳಿನ ಮೂಲಕ ನೀರನ್ನು ಸೋಸಿ, ಮಿಕ್ಕದ್ದನ್ನು ಊರಿಗೆ ಮಾರಿದನು. 1829ರಲ್ಲಿ ಲಂಡನ್ನಿನ ಚೆಲ್ಸಿ ನೀರು ಕಂಪೆನಿಗಾಗಿ ಜೇಮ್ಸ್ ಸಿಂಪ್ಸನ್ ದೊಡ್ಡ ಮರಳು ಹಾಸನ್ನು ಕಟ್ಟಿದನು. ಮರಳು ಜರಡಿಯಂತೆ ಕೆಲಸ ಮಾಡುತ್ತದೆಂದು ಮೊದಮೊದಲು ಎಲ್ಲರೂ ತಿಳಿದಿದ್ದರು. ಆದರೆ ಹೊಸ ಮರಳಿಗಿಂತ ಕೆಲವು ವಾರ ಬಳಸಿದ ಮರಳೇ ಚೆನ್ನಾಗಿ ಸೋಸುತ್ತದೆ. ಏಕೆಂದರೆ ಮರಳಿನ ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳ ಲೋಳೆಯಂತಹ ಪದರವೊಂದು ಬೆಳೆದು, ನೀರಿನಲ್ಲಿರುವ ಕೊಳೆಯನ್ನೂ ರೋಗಾಣುಗಳನ್ನೂ ಹಿಡಿದು ತಿನ್ನುತ್ತದೆ. ಜರ್ಮನ್ನರು ಅದಕ್ಕೆ ಇಟ್ಟ ಹೆಸರಿನ ಅರ್ಥ ‘ಕೊಳೆಯ ಹೊದಿಕೆ’.

ಆ ಹೊದಿಕೆಯ ಬೆಲೆ 1892ರಲ್ಲಿ ಲೋಕಕ್ಕೆ ತಿಳಿಯಿತು. ಎಲ್ಬ್ ನದಿಯ ದಂಡೆಯ ಹ್ಯಾಂಬರ್ಗ್ ನಗರ ನೀರನ್ನು ಸೋಸದೆ ಕುಡಿಯುತ್ತಿತ್ತು. ಅದಕ್ಕೆ ಅಂಟಿಕೊಂಡಿದ್ದ ಆಲ್ಟೋನಾ ಊರು, ಹ್ಯಾಂಬರ್ಗಿನ ಕೊಳೆ ಸೇರಿದ ನೀರನ್ನೇ ಎತ್ತಿದರೂ ಮರಳಿನಲ್ಲಿ ಸೋಸುತ್ತಿತ್ತು. ಆ ವರ್ಷದ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಅದೇ ದಶಕದಲ್ಲಿ ಬೆಂಗಳೂರಿಗೆ ಹೆಸರಘಟ್ಟದಿಂದ ನೀರು ಬಂದಿತು. ನೀರನ್ನು ಸೋಸಿದ ಸ್ಥಾವರದ ನೆನಪಾಗಿ ಮಲ್ಲೇಶ್ವರದಲ್ಲಿ ‘ಜ್ಯುವೆಲ್ ಫಿಲ್ಟರ್ಸ್’ ಎಂಬ ಹೆಸರು ಈಗಲೂ ಉಳಿದಿದೆ.

1890ರ ಸುಮಾರಿನಲ್ಲಿ ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಮತ್ತೊಂದು ರಹಸ್ಯವನ್ನು ಬಿಡಿಸಿದನು. ಮೀನಿನ ಮಲದಿಂದಲೂ ಕೊಳೆತ ಎಲೆಯಿಂದಲೂ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದು ಗಿಡಕ್ಕೆ ಆಹಾರ. ಹಳೆಯ ಕೆರೆಯ ತಳದ ಮಣ್ಣು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಇದೇ ಆಗಿತ್ತು. ಇಂದು ನಾವು ಕೊಳ್ಳುವ ‘ಜೈವಿಕ ಫಿಲ್ಟರ್’ ಎಂಬುದು, ಆ ಮಣ್ಣಿನ ಕೆಲಸವನ್ನು ಒಂದು ಡಬ್ಬಿಯೊಳಗೆ ಮಾಡಿಸುವ ಪ್ರಯತ್ನ.

ಅಸ್ತರು ಮತ್ತು ಹೊದಿಕೆ

1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನಲ್ಲಿ ಐಸಿಐ ಕಂಪೆನಿಯ ಇಬ್ಬರು ರಸಾಯನತಜ್ಞರು ಬೇರೇನನ್ನೋ ಹುಡುಕುತ್ತಿದ್ದಾಗ ಪಾತ್ರೆಯಲ್ಲಿ ಮೇಣದಂತಹ ಬಿಳಿಯ ವಸ್ತುವನ್ನು ಕಂಡರು. ಅದೇ ಪಾಲಿಥೀನ್. ಮಹಾಯುದ್ಧದ ಬಳಿಕ ಅದು ಹಾಳೆಯಾಗಿ ಲೋಕವನ್ನೆಲ್ಲ ಹರಡಿತು. ಕಾಲುವೆಗಳ ತಳಕ್ಕೆ, ಉಪ್ಪಿನ ಗದ್ದೆಗಳಿಗೆ, ಕೊನೆಗೆ ರೈತರ ಹೊಂಡಗಳಿಗೆ ಬಂದಿತು. ಮಹಾರಾಷ್ಟ್ರದ ಶೇತತಳೆಗಳಲ್ಲಿ ಈ ಕೆಲಸಕ್ಕೆ ‘ಅಸ್ತರೀಕರಣ’ ಎನ್ನುತ್ತಾರೆ. ಅಂಗಿಯ ಒಳಗಿನ ಅಸ್ತರಿನಿಂದ ಬಂದ ಮಾತು. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡಗಳಲ್ಲಿ ಅದನ್ನೇ ‘ಪಾಲಿಥೀನ್ ಹೊದಿಕೆ’ ಎಂದರು. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮುರಕಲ್ಲಿನ ಹೊಂಡಕ್ಕೆ ಸಿಲ್ಪಾಲಿನ್ ಹಾಸಿದರು. ಕೆಂಪು ಮಣ್ಣಿಗೂ ಮುರಕಲ್ಲಿಗೂ ಈ ಹಾಳೆ ವರವೇ ಆಯಿತು. ಕಪ್ಪು ಎರೆಮಣ್ಣು ತಾನೇ ಉಬ್ಬಿ ನೀರನ್ನು ಹಿಡಿಯುವುದರಿಂದ ಅಲ್ಲಿ ಇದರ ಅಗತ್ಯ ಅಷ್ಟಿಲ್ಲ.

ಮನೆಯ ಕೊಳಕ್ಕೆ ಈ ಹಾಳೆಯನ್ನು ಹಾಸುವ ಕ್ರಮವನ್ನು ಹೇಳಿಬಿಡುವುದು ಒಳಿತು, ಏಕೆಂದರೆ ಹಳೆಯ ವಿದ್ಯೆಯ ಎಳೆಗಳು ಅದರಲ್ಲಿಯೂ ಇವೆ. 3 ಮೀಟರ್ ಉದ್ದ, 2 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಕೊಳ ಎಂದುಕೊಳ್ಳೋಣ. ಉದ್ದಕ್ಕೆ ಆಳದ ಎರಡರಷ್ಟನ್ನೂ, ಎರಡೂ ಅಂಚುಗಳಿಗೆ 30 ಸೆಂಟಿಮೀಟರಿನಂತೆ ಮಿಗುತಾಯವನ್ನೂ ಕೂಡಿಸಿದರೆ 4.8 ಮೀಟರ್, ಅಗಲಕ್ಕೆ ಹಾಗೆಯೇ ಕೂಡಿಸಿದರೆ 3.8 ಮೀಟರ್. ಇಷ್ಟು ಅಳತೆಯ ಒಂದೇ ಹಾಳೆ ಬೇಕು. ಜೋಡಿಸಿದ ಹಾಳೆ ಜೋಡಣೆಯಲ್ಲಿಯೇ ಸೋರುತ್ತದೆ. ಗುಂಡಿಯ ತಳದಿಂದ ಚೂಪುಗಲ್ಲು, ಬೇರು, ಗಾಜಿನ ಚೂರು ಎಲ್ಲವನ್ನೂ ಆರಿಸಿ ತೆಗೆದು, ನಯವಾದ ಮರಳನ್ನೋ ಹಳೆಯ ಕಂಬಳಿಯನ್ನೋ ಹಾಸಿ, ಅದರ ಮೇಲೆ ಹಾಳೆಯನ್ನು ಬಿಗಿಯದೆ ಸಡಿಲವಾಗಿ ಬಿಡಬೇಕು. ನೀರಿನ ಭಾರಕ್ಕೆ ಅದು ತಾನೇ ಕೂರುತ್ತದೆ. ಅಂಚನ್ನು ಸುತ್ತಲೂ ಚರಂಡಿ ತೋಡಿ ಹೂತು, ಬಿಸಿಲು ತಾಗದಂತೆ ಕಲ್ಲಿನಿಂದ ಮುಚ್ಚಬೇಕು. ಬಿಸಿಲು ಈ ಹಾಳೆಯ ಮೃತ್ಯು. ಠಾಕುರ್ಲಿಯಂತಹ ಖಾಡಿಯ ಪಕ್ಕದ ನೆಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ಹಾಳೆಯನ್ನು ಅಡಿಯಿಂದ ಒತ್ತುತ್ತದೆ. ಕೊಳದ ನಡುವೆ ಅದು ಎಮ್ಮೆಯ ಬೆನ್ನಿನಂತೆ ಎದ್ದು ನಿಲ್ಲುತ್ತದೆ. ಅಡಿಯಲ್ಲಿ ಜಲ್ಲಿ ತುಂಬಿ, ತೂತಿನ ಪೈಪನ್ನಿಟ್ಟು ನೀರು ಹೊರಹೋಗಲು ದಾರಿ ಕೊಡಬೇಕು. ನೆಲವನ್ನು ಮುಚ್ಚಿದ ಮಾತ್ರಕ್ಕೆ ನೆಲ ಸುಮ್ಮನಿರುವುದಿಲ್ಲ.

ಇನ್ನು ಸೋಸುವ ಭಾಗ. ಈ ಕೊಳದಲ್ಲಿ ಹೆಚ್ಚೆಂದರೆ 3,600 ಲೀಟರ್ ನೀರಿರುತ್ತದೆ. ಮೀನಿದ್ದರೆ ಎರಡು ಗಂಟೆಗೊಮ್ಮೆ ನೀರೆಲ್ಲ ಫಿಲ್ಟರಿನಲ್ಲಿ ಸುತ್ತಿ ಬರುವಂತಿರಬೇಕು, ಅಂದರೆ ಗಂಟೆಗೆ 1,800 ಲೀಟರ್ ಎತ್ತುವ ಪಂಪು. ನೀರು ಮೊದಲು ಸ್ಪಂಜಿನ ಮೂಲಕ ಹಾದು ಕಸವನ್ನು ಬಿಡಬೇಕು, ಬಳಿಕ ಜಲ್ಲಿಯ ಅಥವಾ ಪ್ಲಾಸ್ಟಿಕ್ ಚೆಂಡುಗಳ ನಡುವೆ ಹರಿಯಬೇಕು. ಬ್ಯಾಕ್ಟೀರಿಯಾಗಳು ನೆಲೆಸುವುದು ಅಲ್ಲಿ. ಅವು ನೆಲೆನಿಲ್ಲಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ಹೆಚ್ಚು ಬಿಡಬಾರದು. ಆ ಜಲ್ಲಿಯನ್ನು ನಲ್ಲಿಯ ನೀರಿನಲ್ಲಿ ತೊಳೆದರೆ ಕ್ಲೋರಿನ್ ಅವನ್ನೆಲ್ಲ ಕೊಲ್ಲುತ್ತದೆ. ಕೊಳದ ನೀರಿನಲ್ಲಿಯೇ ಅಲುಗಿಸಿ ತೆಗೆಯಬೇಕು. ಒಂದು ಮೂಲೆಯಲ್ಲಿ ಬಜೆಯನ್ನೋ ಕಾಬಾಳೆಯನ್ನೋ ನೆಟ್ಟರೆ ನೈಟ್ರೇಟನ್ನು ಅವು ಹೀರುತ್ತವೆ. ಅಲುಗುವ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡಲು ಹಿಂಜರಿಯುತ್ತದೆ, ಗಪ್ಪಿ ಮೀನು ಅದರ ಮರಿಗಳನ್ನು ತಿನ್ನುತ್ತದೆ. ಹಾಳೆ ಹಾಸುವುದು ಒಂದು ಬೆಳಗಿನ ಕೆಲಸ. ಸೋಸುವುದು ಹಾಗಲ್ಲ, ಅದು ದಿನದಿನದ ಆರೈಕೆ.

ಮಗುಚಿದ ಹೊದಿಕೆ

ಇಷ್ಟು ಹೊತ್ತು ನಾವು ನೋಡಿದ ತಳಗಳೆಲ್ಲ ನೀರನ್ನು ನೆಲದಿಂದ ಕಾಯುವವು. ನಮ್ಮ ಕಾಲದಲ್ಲಿ ಈ ಅರ್ಥ ತಲೆಕೆಳಗಾಯಿತು. ಅದಕ್ಕೆ ಸಾಕ್ಷಿ ಭಾದ್ರಪದದಲ್ಲಿ ಈ ಊರುಗಳಲ್ಲಿ ಏಳುವ ಕೃತಕ ಕೊಳಗಳು. ಮಣ್ಣಿನ ಗಣಪತಿಯ ಜಾಗಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಗಣಪತಿ ಬಂದ ಮೇಲೆ, ಕರಗದ ಮೂರ್ತಿಗಳೂ ರಾಸಾಯನಿಕ ಬಣ್ಣಗಳೂ ಕೆರೆ–ಖಾಡಿಗಳ ತಳವನ್ನು ಸೇರಿದವು. 2010ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಸರ್ಜನೆಗೆ ಮಾರ್ಗಸೂಚಿ ನೀಡಿತು: ವಿಸರ್ಜನೆಯ ಸ್ಥಳವನ್ನು ಬೇರ್ಪಡಿಸಿ, ಅದರ ತಳಕ್ಕೆ ಮುಂಚಿತವಾಗಿಯೇ ಕೃತಕ ಹಾಳೆಯನ್ನು ಹಾಸಿ, ಬಳಿಕ ಅವಶೇಷಗಳೊಡನೆ ಅದನ್ನು ಎತ್ತಿ ತೆಗೆಯಬೇಕೆಂದು. 2020ರಲ್ಲಿ ಅದನ್ನು ಪರಿಷ್ಕರಿಸಿತು. ಬೆಂಗಳೂರಿನಲ್ಲಿ 1882ರ ಸ್ಯಾಂಕಿ ಕೆರೆಯ ಪಕ್ಕದಲ್ಲಿ, ಯಡಿಯೂರು ಕೆರೆಯ ಪಕ್ಕದಲ್ಲಿ ವಿಸರ್ಜನೆಗೆಂದೇ ಬೇರೆ ಕಲ್ಯಾಣಿಗಳನ್ನು ಕಟ್ಟಿದರು. ಥಾಣೆಯಲ್ಲಿ ಮಾಸುಂದಾ ಮೊದಲಾದ ಕೆರೆಗಳ ಬಳಿ ಕೃತಕ ಕೊಳಗಳು ಬಂದವು, ಕಲ್ಯಾಣ–ಡೊಂಬಿವಲಿಗಳಲ್ಲಿಯೂ ಬಂದವು. 2025ರಲ್ಲಿ ಬಾಂಬೆ ಹೈಕೋರ್ಟು ಆರು ಅಡಿಯವರೆಗಿನ ಪಿಒಪಿ ಮೂರ್ತಿಗಳನ್ನು ಕೃತಕ ಕೊಳಗಳಲ್ಲಿಯೇ ವಿಸರ್ಜಿಸಬೇಕೆಂದು ಆದೇಶಿಸಿತು.

ಈ ಕೊಳಗಳಲ್ಲಿ ಹಾಳೆಯ ಕೆಲಸ ನೀರನ್ನು ಇಂಗದಂತೆ ತಡೆಯುವುದಷ್ಟೇ ಅಲ್ಲ. ನಮ್ಮಿಂದ ನದಿಯನ್ನು ಕಾಯುವುದೂ ಅದರ ಕೆಲಸ. ಕನ್ಹೇರಿಯ ತೊಟ್ಟಿಯಲ್ಲಿ ಬಂಡೆಯು ನೀರಿಗೆ ಕಾವಲಾಗಿತ್ತು. ಇಲ್ಲಿ ಪ್ಲಾಸ್ಟಿಕ್ಕು ನೆಲಕ್ಕೆ ಕಾವಲು. ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನಿಗೂ ನೀರಿಗೂ ಇದ್ದ ಸಂಬಂಧ ಎಷ್ಟು ದೂರ ಸರಿಯಿತೆಂಬುದನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ಸಿಗದು. ಇದನ್ನು ನಾವು ಸೋಲೆಂದು ಕರೆಯಬೇಕಾಗಿಲ್ಲ. ತನ್ನ ಹಬ್ಬದಿಂದ ನದಿಗೆ ಆಗುವ ಕೇಡನ್ನು ಒಪ್ಪಿಕೊಂಡು, ಆಚರಣೆಯನ್ನು ಬಿಡದೆಯೇ ಅದಕ್ಕೊಂದು ಪಾತ್ರೆಯನ್ನು ಮಾಡಿಕೊಂಡ ಸಮಾಜದ ವಿವೇಕವೂ ಇದರಲ್ಲಿದೆ. ಆದರೆ ಆ ವಿವೇಕ ಅರ್ಧದಾರಿಯಲ್ಲಿ ನಿಲ್ಲಬಾರದು. ಕೊಳದಲ್ಲಿ ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಕರಗದ ಮೂರ್ತಿ ಎಲ್ಲಿಗೆ? ಹರಿದ ಹಾಳೆ ಎಲ್ಲಿಗೆ? ಸೋಸದೆ ಚರಂಡಿಗೆ ಬಿಟ್ಟ ನೀರು ಸುತ್ತು ದಾರಿಯಲ್ಲಿ ಅದೇ ಖಾಡಿಯನ್ನೇ ಸೇರುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಿ ಎರಡನೆಯದನ್ನು ಮರೆಯುವ ನಮ್ಮ ಹಳೆಯ ಚಾಳಿ ಇಲ್ಲಿಯೂ ಕಾಣುತ್ತದೆ.

ಈ ಇತಿಹಾಸದಿಂದ ನಮಗೆ ತೋರುವ ಮಾತು ಇಷ್ಟೇ. ಮಣ್ಣಿನ ತಳದ ಕೆರೆಯಲ್ಲಿ ಹಿಡಿದಿಡುವ ಪದರವೂ ಸೋಸುವ ಪದರವೂ ಒಂದೇ ಆಗಿದ್ದವು. ಜೇಡಿ ಮತ್ತು ಹೂಳು ಎರಡೂ ಕೆಲಸವನ್ನು ಮಾಡಿದವು. ಪ್ಲಾಸ್ಟಿಕ್ ಹಾಳೆ ಅವನ್ನು ಬೇರ್ಪಡಿಸಿತು. ನೀರಿಗೂ ನೆಲಕ್ಕೂ ನಡುವಿನ ಬಾಗಿಲನ್ನು ಮುಚ್ಚಿದ ಕ್ಷಣದಿಂದ, ನೆಲವು ಉಚಿತವಾಗಿ ಮಾಡುತ್ತಿದ್ದ ಕೆಲಸ ನಮ್ಮ ಹೆಗಲಿಗೆ ಬಂದಿತು. ಮುಚ್ಚುವುದು ತಪ್ಪಲ್ಲ, ಮುಚ್ಚಿದವನು ಆ ಕೆಲಸವನ್ನು ಹೊರಬೇಕು. ಹಿತ್ತಲಿನ ಸಣ್ಣ ಕೊಳಕ್ಕೂ ಊರಿನ ವಿಸರ್ಜನೆಯ ಕೊಳಕ್ಕೂ ಈ ನಿಯಮ ಒಂದೇ.

ಬಿತ್ತುವಟ್ಟವನ್ನು ಬರೆಯಿಸಿದವರು ಇದನ್ನು ತಿಳಿದಿದ್ದರು. ಕೆರೆ ಕಟ್ಟಿಸಿದವನ ಹೆಸರಿನ ಜೊತೆಗೆ ಹೂಳೆತ್ತುವ ಬಂಡಿಯ ಖರ್ಚನ್ನೂ ಕಲ್ಲಿನ ಮೇಲೆ ಕೆತ್ತಿಸಿದರು. ನಾವು ಹೊರನಾಡಿನಲ್ಲಿ ಸಂಘ ಕಟ್ಟಿದ್ದೇವೆ, ಶಾಲೆ ಕಟ್ಟಿದ್ದೇವೆ, ಪ್ರತಿ ವರ್ಷ ಗಣಪತಿಯನ್ನು ಕೂರಿಸುತ್ತೇವೆ. ಕೂರಿಸುವ ಖರ್ಚಿನ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಲು ಕಷ್ಟವಿಲ್ಲ: ವಿಸರ್ಜನೆಯ ಮರುದಿನ ಕೊಳವನ್ನು ಖಾಲಿ ಮಾಡುವವರಿಗೆ, ಕೆಸರನ್ನು ಬೇರ್ಪಡಿಸುವವರಿಗೆ, ಹಾಳೆಯನ್ನು ಮಡಚಿ ಮುಂದಿನ ವರ್ಷಕ್ಕೆ ಎತ್ತಿಡುವವರಿಗೆ ಇಷ್ಟು ಎಂದು. ಹಿಂದಿನವರು ಅವರನ್ನು ನೀರುಗಂಟಿ ಎಂದು ಕರೆದರು, ಗೌರವದಿಂದ ಪಾಲು ಕೊಟ್ಟರು. ನಮ್ಮ ಊರಿನ ಕೊಳಗಳಿಗೂ ಅಂಥವರು ಬೇಕು.